ಆಡುಸೋಗೆ: ಬೇಲಿಯಲ್ಲೇ ಇರುವ ಕೆಮ್ಮಿನ ಮದ್ದು, ಅದರ ಮಿತಿ

ಹಂದನಕೆರೆ ಸುತ್ತಮುತ್ತ ತೆಂಗಿನ ತೋಟದ ಬೇಲಿಗೆ ತಂತಿ ಬಂದಮೇಲೆ ಹಳೇ ಬೇಲಿಗಿಡ ಕೀಳೋದು ಹೆಚ್ಚಾಗಿದೆ. ನಿಮ್ಮ ಬದುವಿನಲ್ಲಿ ಆಡುಸೋಗೆ ಇದ್ದರೆ ಕೀಳುವ ಮೊದಲು ಇದನ್ನು ಓದಿ.

ಉದ್ದನೆಯ ಚೂಪು ಎಲೆ, ಬಿಳಿ ಹೂವಿನೊಳಗೆ ನೇರಳೆ ಗೆರೆ. 'ಆಡು ಮುಟ್ಟದ ಸೊಪ್ಪಿಲ್ಲ' ಅಂತೀವಲ್ಲ, ಆ ಮಾತಿಗೂ ಸಿಗದ ಗಿಡ ಇದು. ಎಲೆ ಅಷ್ಟು ಕಹಿ. ಕುರಿ, ಮೇಕೆ ಓಡಾಡುವ ನಮ್ಮ ಸೀಮೆಯಲ್ಲಿ ಕಾವಲಿಲ್ಲದೆ ಉಳಿಯುವ ಬೇಲಿ.

ಆಯುರ್ವೇದದಲ್ಲಿ ಇದು 'ವಾಸಾ'. ಕೆಮ್ಮು, ಉಬ್ಬಸ, ರಕ್ತಪಿತ್ತಕ್ಕೆ ಬಳಸುತ್ತಾರೆ. ವಾಸಾವಲೇಹ, ವಾಸಾರಿಷ್ಟ ಇದರಿಂದಲೇ ಆಗೋದು. ಮನೆಗಳಲ್ಲಿ ಎಲೆಯನ್ನು ಬಾಡಿಸಿ, ರಸ ಹಿಂಡಿ, ಜೇನುತುಪ್ಪ ಬೆರೆಸಿ ಕೊಡುತ್ತಿದ್ದರು. ಹಸಿ ಎಲೆ ಸುಲಭವಾಗಿ ರಸ ಬಿಡಲ್ಲ, ಅದಕ್ಕೇ ಬಾಡಿಸೋದು.

ಎಲೆಯಲ್ಲಿರುವ ಮುಖ್ಯ ಅಂಶ ವ್ಯಾಸಿಸಿನ್ ಎಂಬ ಆಲ್ಕಲಾಯ್ಡ್. 1888ರಲ್ಲೇ ಇದನ್ನು ಬೇರ್ಪಡಿಸಿದ್ದರು. ಗಾಳಿಗೆ ಸಿಕ್ಕರೆ ಇದರ ಒಂದಷ್ಟು ಭಾಗ ವ್ಯಾಸಿಸಿನೋನ್ ಆಗುತ್ತೆ. ಶ್ವಾಸನಾಳ ಸಡಿಲಿಸುವ ಗುಣ ಇವುಗಳಿಗಿದೆ ಅಂತ ಪ್ರಯೋಗಾಲಯದಲ್ಲಿ ಕಂಡಿದೆ. ಮೆಡಿಕಲ್ ಶಾಪಿನ ಕೆಮ್ಮಿನ ಸಿರಪ್ ಬಾಟಲಿ ತಿರುಗಿಸಿ ನೋಡಿ: ಬ್ರೋಮ್‌ಹೆಕ್ಸಿನ್ ಅಥವಾ ಆಂಬ್ರಾಕ್ಸಾಲ್ ಅಂತ ಇರುತ್ತೆ. ಗಟ್ಟಿ ಕಫವನ್ನು ತೆಳುವಾಗಿಸುವ ಬ್ರೋಮ್‌ಹೆಕ್ಸಿನ್ ರೂಪುಗೊಂಡದ್ದು ವ್ಯಾಸಿಸಿನ್ ಮಾದರಿ ಇಟ್ಟುಕೊಂಡು. ಆಂಬ್ರಾಕ್ಸಾಲ್ ಅದೇ ಬ್ರೋಮ್‌ಹೆಕ್ಸಿನ್ ದೇಹದಲ್ಲಿ ಮಾರ್ಪಟ್ಟಾಗ ಸಿಗುವ ರೂಪ. ನಮ್ಮ ಬೇಲಿಗಿಡದ ವಂಶ ಅಲ್ಲಿವರೆಗೂ ಹೋಗಿದೆ!

ಆದರೆ ಗಮನವಿಟ್ಟು ಓದಬೇಕಾದ ಮಾತು ಒಂದಿದೆ. ವ್ಯಾಸಿಸಿನ್ ಗರ್ಭಕೋಶವನ್ನೂ ಸಂಕುಚಿಸುತ್ತೆ. ಬಸುರಿಯರಿಗೆ ಇದರ ರಸ, ಕಷಾಯ ಯಾವುದನ್ನೂ ಕೊಡಬಾರದು. 'ಸೊಪ್ಪು ತಾನೇ, ಏನಾಗುತ್ತೆ' ಅನ್ನೋದು ಬೇಡ. ಚಿಕ್ಕ ಮಕ್ಕಳಿಗೆ ವೈದ್ಯರನ್ನು ಕೇಳದೆ ಕುಡಿಸಬೇಡಿ. ಎರಡು ವಾರ ದಾಟಿದ ಕೆಮ್ಮು, ಕಫದಲ್ಲಿ ರಕ್ತ ಇದ್ದರೆ ಕಷಾಯ ಕಾಯಿಸುತ್ತಾ ಕೂರದೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ಕ್ಷಯದ ಪರೀಕ್ಷೆ, ಔಷಧಿ ಎರಡೂ ಅಲ್ಲಿ ಉಚಿತ.

ಬೆಳೆಸೋದು ಸುಲಭ. ಮಳೆಗಾಲ ಶುರುವಾದಾಗ ಬಲಿತ ಕಡ್ಡಿಯಲ್ಲಿ ಮೂರ್ನಾಲ್ಕು ಗೆಣ್ಣು ಬರುವಂತೆ ಕತ್ತರಿಸಿ, ಎರಡು ಗೆಣ್ಣು ಮಣ್ಣಿನೊಳಗೆ ಇಟ್ಟು ನೆಡಿ. ನೀರು ನಿಲ್ಲುವ ಜಾಗ ಬೇಡ. ಸವರಿದ ಸೊಪ್ಪನ್ನು ನಾನು ತೆಂಗಿನ ಪಾತಿಗೆ ಹಸಿರೆಲೆ ಗೊಬ್ಬರವಾಗಿ ಹಾಕಿ, ಮೇಲೆ ಗರಿ ಮುಚ್ಚುತ್ತೇನೆ. ಮನೆಬಳಕೆಗೆ ಎಲೆ ಬೇಕಿದ್ದರೆ ನೆರಳಲ್ಲಿ ಒಣಗಿಸಿ. ಪಕ್ಕದ ಹೊಲದಲ್ಲಿ ಕಳೆನಾಶಕ ಹೊಡೆಯುತ್ತಿದ್ದರೆ ಆ ಬದುವಿನ ಎಲೆ ಮಾತ್ರ ಕೀಳಬೇಡಿ.