ನಾಯಕತ್ವ ಸಿದ್ಧಾಂತಗಳು: ಹಾಸನ ಸೀಮೆಯ ಉದಾಹರಣೆಗಳೊಂದಿಗೆ ಮುಖ್ಯಾಂಶಗಳು

ಬಿ.ಕಾಂ., ಬಿ.ಬಿ.ಎ. ಪರೀಕ್ಷೆಗೆ ಕೂರುವವರು ನಾಯಕತ್ವದ ಅಧ್ಯಾಯವನ್ನು ಬಿಡುವಂತಿಲ್ಲ. ಹೆಸರು, ಇಸವಿ ಬಾಯಿಪಾಠ ಮಾಡಿದವರೂ ಉದಾಹರಣೆ ಕೊಡಬೇಕಾದ ಕಡೆ ಅಮೆರಿಕದ ಕಂಪನಿಗಳ ಕಡೆಗೇ ಓಡುತ್ತಾರೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ವಿದ್ಯಾರ್ಥಿಗಳಿಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ.

ಮೊದಲು ಸಿದ್ಧಾಂತಗಳು ಬೆಳೆದ ದಾರಿ ತಿಳಿದಿರಲಿ. ನಾಯಕ ಎಂಥವನು ಎಂದು ಕೇಳಿದ್ದು ಗುಣಲಕ್ಷಣ ಸಿದ್ಧಾಂತ. ಅವನು ಏನು ಮಾಡುತ್ತಾನೆ ಎಂದು ನೋಡಿದ್ದು ವರ್ತನಾ ಸಿದ್ಧಾಂತ. ಯಾವ ಸಂದರ್ಭದಲ್ಲಿ ಎಂದು ವಿಚಾರಿಸಿದ್ದು ಸನ್ನಿವೇಶ ಸಿದ್ಧಾಂತ. ಜೊತೆಗಾರರಲ್ಲಿ ಏನು ಬದಲಾಯಿತು ಎಂದು ಹುಡುಕಿದ್ದು ಪರಿವರ್ತನಾ ಸಿದ್ಧಾಂತ.

ಮಹಾಪುರುಷ ಮತ್ತು ಗುಣಲಕ್ಷಣ ಸಿದ್ಧಾಂತ

• ಥಾಮಸ್ ಕಾರ್ಲೈಲ್, 1840ರ ಉಪನ್ಯಾಸಗಳು: ನಾಯಕರು ಹುಟ್ಟುತ್ತಾರೆ, ತಯಾರಾಗುವುದಿಲ್ಲ.
• ರಾಲ್ಫ್ ಸ್ಟಾಗ್ಡಿಲ್, 1948: 124 ಅಧ್ಯಯನಗಳನ್ನು ಪರಿಶೀಲಿಸಿ, ಗುಣಗಳಷ್ಟರಿಂದಲೇ ಯಾರೂ ಎಲ್ಲ ಕಡೆಯೂ ನಾಯಕರಾಗುವುದಿಲ್ಲ ಎಂದು ತೋರಿಸಿದರು.

ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರನ್ನು ಇಲ್ಲಿ ಉದಾಹರಿಸುವ ರೂಢಿಯಿದೆ. ಸೇನೆಯ ಶಿಸ್ತು, ಸಾಹಸ, ಹಟ ಎಲ್ಲವೂ ಅವರಲ್ಲಿ ಸಿಗುತ್ತವೆ. ಆದರೆ ನನ್ನ ಮಟ್ಟಿಗೆ ಅವರ ಕತೆ ಈ ಸಿದ್ಧಾಂತದ ಮಿತಿಯನ್ನೇ ಎತ್ತಿ ತೋರಿಸುತ್ತದೆ. ಕುಟುಂಬದ ಜಮೀನು ಹೇಮಾವತಿ ಜಲಾಶಯದಲ್ಲಿ ಮುಳುಗಿತು. ಪರಿಹಾರವಾಗಿ ಜಾವಗಲ್ ಬಳಿ ಸಿಕ್ಕ ಬರಡು ನೆಲದಲ್ಲಿ ಪರಿಸರಸ್ನೇಹಿ ರೇಷ್ಮೆ ಕೃಷಿ ಮಾಡಿ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಪಡೆದರು. 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿ ಅಗ್ಗದ ವಿಮಾನಯಾನಕ್ಕೆ ದಾರಿ ತೆರೆದರು. ನಷ್ಟ, ಪೈಪೋಟಿಯ ನಡುವೆ 2007ರಲ್ಲಿ ಕಂಪನಿಯ ದೊಡ್ಡ ಪಾಲು ವಿಜಯ್ ಮಲ್ಯ ಅವರ ಸಮೂಹಕ್ಕೆ ಹೋಯಿತು. ಗುಣಗಳು ಅವೇ, ಫಲ ಮಾತ್ರ ಬೇರೆ ಬೇರೆ. ಇದನ್ನು ವಿವರಿಸಲು ಸನ್ನಿವೇಶವನ್ನು ತರಲೇಬೇಕು.

ವರ್ತನಾ ಸಿದ್ಧಾಂತ

• ಕರ್ಟ್ ಲೆವಿನ್, ಲಿಪ್ಪಿಟ್, ವೈಟ್, 1939: ನಿರಂಕುಶ, ಪ್ರಜಾಸತ್ತಾತ್ಮಕ ಮತ್ತು ಮುಕ್ತ ಎಂಬ ಮೂರು ಶೈಲಿಗಳು. ಹುಡುಗರ ಗುಂಪುಗಳ ಮೇಲೆ ನಡೆಸಿದ ಅವರ ಪ್ರಯೋಗದಲ್ಲಿ ನಿರಂಕುಶ ನಾಯಕ ಹೊರಗೆ ಹೋದೊಡನೆ ಕೆಲಸ ಕುಸಿಯಿತು. ಪ್ರಜಾಸತ್ತಾತ್ಮಕ ಗುಂಪಿನಲ್ಲಿ ಮುಂದುವರಿಯಿತು.
• ಓಹಿಯೋ ಅಧ್ಯಯನ: ಕಾರ್ಯರಚನೆ ಮತ್ತು ಕಾಳಜಿ ಎಂಬ ಎರಡು ಆಯಾಮ.
• ಮಿಚಿಗನ್ ಅಧ್ಯಯನ, ರೆನ್ಸಿಸ್ ಲಿಕರ್ಟ್: ಉತ್ಪಾದನೆಯತ್ತ ಗಮನ, ನೌಕರರತ್ತ ಗಮನ.
• ಬ್ಲೇಕ್ ಮತ್ತು ಮೌಟನ್, 1964: ವ್ಯವಸ್ಥಾಪಕ ಗ್ರಿಡ್. 1,1 ನಿರಾಸಕ್ತ, 9,1 ಕೆಲಸವೇ ಮುಖ್ಯ, 1,9 ಜನರೇ ಮುಖ್ಯ, 5,5 ನಡುದಾರಿ, 9,9 ತಂಡ ನಾಯಕತ್ವ. ಮೊದಲ ಅಂಕಿ ಕೆಲಸದ್ದು, ಎರಡನೆಯದು ಜನರದ್ದು. ಇದನ್ನು ಅದಲುಬದಲು ಮಾಡಿದರೆ ಅಂಕ ಹೋಯಿತು.

ಪ್ರಜಾಸತ್ತಾತ್ಮಕ ಶೈಲಿ ಕೆಲವೊಮ್ಮೆ ಆಯ್ಕೆಯಲ್ಲ, ಅನಿವಾರ್ಯ. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಎಚ್.ಡಿ. ದೇವೇಗೌಡರು 1996ರಲ್ಲಿ ಪ್ರಧಾನಿಯಾದಾಗ ಅವರ ಬೆನ್ನಿಗಿದ್ದುದು 13 ಪಕ್ಷಗಳ ಸಂಯುಕ್ತ ರಂಗ. ಅಲ್ಲಿ ಸಮಾಲೋಚನೆ ಇಲ್ಲದೆ ಆಡಳಿತ ನಡೆಯುವಂತಿರಲಿಲ್ಲ. ಅರಕಲಗೂಡಿನ ಆಲೂಗಡ್ಡೆ ಹೊಲಕ್ಕೆ ಅಂಗಮಾರಿ ಬಿದ್ದ ದಿನ ಮಾತ್ರ ಸಭೆ ಕರೆದು ಕೂರಲಾಗದು. ಔಷಧಿ ಹೊಡೆಯಿರಿ ಎಂದು ತಕ್ಷಣ ಹೇಳುವವರೇ ಬೇಕು.

ಸನ್ನಿವೇಶ ಸಿದ್ಧಾಂತ

ಹೆಚ್ಚು ಗೊಂದಲ ಆಗುವುದೂ ಹೆಚ್ಚು ಅಂಕ ಬರುವುದೂ ಇಲ್ಲೇ.

ಫ್ರೆಡ್ ಫೀಡ್ಲರ್ (1967) ಹೇಳುವಂತೆ ನಾಯಕನ ಶೈಲಿ ಸುಲಭವಾಗಿ ಬದಲಾಗದು. ಹಾಗಾಗಿ ಶೈಲಿಗೆ ತಕ್ಕ ಸನ್ನಿವೇಶ ಹೊಂದಿಸಬೇಕು, ಇಲ್ಲವೇ ನಾಯಕನನ್ನೇ ಬದಲಿಸಬೇಕು. ಶೈಲಿ ಅಳೆಯಲು ಎಲ್‌ಪಿಸಿ (ತೀರಾ ಕಡಿಮೆ ಇಷ್ಟದ ಸಹೋದ್ಯೋಗಿ) ಮಾಪಕ: ಹೆಚ್ಚು ಅಂಕ ಬಂದರೆ ಸಂಬಂಧಕ್ಕೆ, ಕಡಿಮೆ ಬಂದರೆ ಕೆಲಸಕ್ಕೆ ಒತ್ತು. ಸನ್ನಿವೇಶ ಅಳೆಯಲು ಮೂರು ಅಂಶ: ನಾಯಕ ಮತ್ತು ಸದಸ್ಯರ ಸಂಬಂಧ, ಕೆಲಸದ ಸ್ಪಷ್ಟತೆ, ಹುದ್ದೆಯ ಅಧಿಕಾರ. ಸನ್ನಿವೇಶ ತೀರಾ ಅನುಕೂಲವಾಗಿದ್ದರೂ ತೀರಾ ಪ್ರತಿಕೂಲವಾಗಿದ್ದರೂ ಕೆಲಸಕ್ಕೆ ಒತ್ತು ಕೊಡುವವನು ಗೆಲ್ಲುತ್ತಾನೆ. ಮಧ್ಯಮ ಸ್ಥಿತಿಯಲ್ಲಿ ಸಂಬಂಧಕ್ಕೆ ಒತ್ತು ಕೊಡುವವನು.

ಪಾಲ್ ಹರ್ಸಿ, ಕೆನ್ ಬ್ಲಾಂಚಾರ್ಡ್ (1969) ಇದಕ್ಕೆ ಎದುರು ದಿಕ್ಕು. ಜೊತೆಗಾರರ ಸಿದ್ಧತೆ ನೋಡಿ ನಾಯಕನೇ ಶೈಲಿ ಬದಲಿಸಬೇಕು. ಹಳ್ಳಿಯ ಡೇರಿಯನ್ನು ನೆನೆಯಿರಿ. ಹೊಸದಾಗಿ ಸೇರಿದ ಹಾಲು ಪರೀಕ್ಷಕನಿಗೆ ಕಾರ್ಯದರ್ಶಿ ಪ್ರತಿ ಹಂತವನ್ನೂ ಹೇಳಿಕೊಡಬೇಕು: ಹೇಳುವುದು. ಉತ್ಸಾಹವಿದ್ದೂ ಪಳಗದವನಿಗೆ ಕಾರಣ ಸಹಿತ ತಿಳಿಸಬೇಕು: ಮನವೊಲಿಸುವುದು. ಕೆಲಸ ಬಂದರೂ ಅಳುಕುವವನನ್ನು ತೀರ್ಮಾನಕ್ಕೆ ಸೇರಿಸಿಕೊಳ್ಳಬೇಕು: ಪಾಲ್ಗೊಳ್ಳುವುದು. ನುರಿತವನಿಗೆ ಡೇರಿಯ ಬೀಗದ ಕೈ ಕೊಟ್ಟು ಸುಮ್ಮನಿರಬೇಕು: ವಹಿಸುವುದು. ಅನುಕ್ರಮ ಇದೇ.

ರಾಬರ್ಟ್ ಹೌಸ್, 1971, ಪಥ–ಗುರಿ ಸಿದ್ಧಾಂತ: ನಿರ್ದೇಶಕ, ಬೆಂಬಲದ, ಪಾಲ್ಗೊಳ್ಳುವ, ಸಾಧನೆ ಬಯಸುವ ಎಂಬ ನಾಲ್ಕು ಶೈಲಿ. ಗುರಿಯ ದಾರಿಯಲ್ಲಿನ ಅಡ್ಡಿ ಸರಿಸುವುದು ನಾಯಕನ ಕೆಲಸ.

ವಿನಿಮಯ, ಪರಿವರ್ತನೆ, ಸೇವೆ, ವರ್ಚಸ್ಸು

• ಜೇಮ್ಸ್ ಬರ್ನ್ಸ್ 1978, ಬರ್ನಾರ್ಡ್ ಬಾಸ್ 1985: ವಿನಿಮಯ ಮತ್ತು ಪರಿವರ್ತನಾ ನಾಯಕತ್ವ. ಪರಿವರ್ತನೆಗೆ ಬಾಸ್ ಹೇಳಿದ ನಾಲ್ಕು ಅಂಶ: ಆದರ್ಶ ಪ್ರಭಾವ, ಸ್ಫೂರ್ತಿ, ಬೌದ್ಧಿಕ ಪ್ರಚೋದನೆ, ವೈಯಕ್ತಿಕ ಕಾಳಜಿ.
• ರಾಬರ್ಟ್ ಗ್ರೀನ್‌ಲೀಫ್ 1970: ಸೇವಾ ನಾಯಕತ್ವ.
• ಮ್ಯಾಕ್ಸ್ ವೇಬರ್: ಅಧಿಕಾರದ ಮೂಲಗಳು ಸಂಪ್ರದಾಯ, ವರ್ಚಸ್ಸು, ಕಾನೂನು.

ವಿನಿಮಯ ನಾಯಕತ್ವ ಕೀಳು ಎಂದು ಬರೆಯಬೇಡಿ. ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬೇತರ ಘನಾಂಶ) ನೋಡಿ ಹಾಲಿಗೆ ಬೆಲೆ ಕೊಡುವುದು ಅಪ್ಪಟ ವಿನಿಮಯ. ಆ ನಂಬಿಕೆ ಕೆಟ್ಟರೆ ಡೇರಿ ಸಂಘವೇ ಉಳಿಯದು. ವೇಬರ್‌ಗೆ ಉದಾಹರಣೆ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿದೆ. 1970ರಿಂದ ಮಠದ ಪೀಠದಲ್ಲಿದ್ದ ಚಾರುಕೀರ್ತಿ ಭಟ್ಟಾರಕ ಸ್ವಾಮೀಜಿ 1981, 1993, 2006, 2018ರ ನಾಲ್ಕು ಮಹಾಮಸ್ತಕಾಭಿಷೇಕಗಳನ್ನು ಮುನ್ನಡೆಸಿದರು. ಪೀಠ ಕೊಟ್ಟದ್ದು ಸಂಪ್ರದಾಯದ ಅಧಿಕಾರ, ಜನ ಕೊಟ್ಟದ್ದು ವರ್ಚಸ್ಸಿನದು. ಚುನಾವಣೆಯಲ್ಲಿ ಗೆದ್ದ ಡೇರಿ ಅಧ್ಯಕ್ಷರದ್ದು ಕಾನೂನಿನದು.

ದೊಡ್ಡ ಪ್ರಶ್ನೆ ಬಂದರೆ ಕಾರ್ಲೈಲ್‌ಗೆ ಎರಡೇ ಸಾಲು ಸಾಕು. ಉಳಿದ ಸಮಯವನ್ನು ಸನ್ನಿವೇಶ ಸಿದ್ಧಾಂತಕ್ಕೆ ಕೊಡಿ. ಫೀಡ್ಲರ್‌ಗೂ ಹರ್ಸಿ–ಬ್ಲಾಂಚಾರ್ಡ್‌ಗೂ ಇರುವ ವ್ಯತ್ಯಾಸವನ್ನು ನಿಮ್ಮೂರಿನ ಒಂದು ಉದಾಹರಣೆಯೊಂದಿಗೆ ಬರೆಯದೆ ಉತ್ತರ ಪತ್ರಿಕೆ ಮುಚ್ಚಬೇಡಿ.