ಕಂದಾ, ಪದವನ್ನು ಒಂಟಿಯಾಗಿ ಕಲಿಯಬೇಡ

ರೇಷ್ಮೆ ಬೆಳೆಯ ಮೇಲೆ ನೀನು ಇಂಗ್ಲಿಷಿನಲ್ಲಿ ಬರೆದ ಪ್ರಬಂಧ ಓದಿದೆ, ಕಂದಾ. ಜಂಗಮಕೋಟೆಯ ಹುಡುಗಿ ತನ್ನ ಮನೆಯ ಹುಳುಮನೆಯ ಬಗ್ಗೆ ಬರೆದಿದ್ದಾಳೆ ಅನ್ನುವುದೇ ನನಗೆ ಹೆಮ್ಮೆ. ವ್ಯಾಕರಣ ಸರಿಯಿದೆ, ಸ್ಪೆಲಿಂಗ್ ಸರಿಯಿದೆ. ಆದರೂ ಓದು ಅಲ್ಲಲ್ಲಿ ತಡೆಯುತ್ತದೆ. ಹುಳ ಸಾಕುವುದಕ್ಕೆ 'ಗ್ರೋ' ಎಂದಿದ್ದೀಯ, ಇಂಗ್ಲಿಷಿನವರು 'ರಿಯರ್' ಅನ್ನುತ್ತಾರೆ. ನಮ್ಮ ಹುಳ ಗೂಡು ಕಟ್ಟುತ್ತದೆ, ಹಾಗಾಗಿ 'ಬಿಲ್ಡ್' ಹಾಕಿದೆ. ಇಂಗ್ಲಿಷಿನಲ್ಲಿ ಅದು ಕಕೂನನ್ನು 'ಸ್ಪಿನ್' ಮಾಡುತ್ತದೆ, ಅಂದರೆ ನೂಲುತ್ತದೆ. ಹುಳ ಜ್ವರಕ್ಕೆ ಹೋಯಿತು ಅನ್ನುವ ಕಡೆ 'ಫೀವರ್' ಬರೆದರೆ ಓದಿದವರು ಕಾಯಿಲೆ ಅಂದುಕೊಳ್ಳುತ್ತಾರೆ. ನಾಲ್ಕು ಸಲ ಪೊರೆ ಬಿಡುವ ಆ ಹೊತ್ತಿಗೆ ಅವರ ಮಾತು 'ಮೋಲ್ಟ್'.

'ರೀಲ್ ಸಿಲ್ಕ್' ಮಾತ್ರ ಎಡವದೆ ಬರೆದಿದ್ದೀಯ. ಶಿಡ್ಲಘಟ್ಟದ ರೀಲರುಗಳ ಮಾತು ಚಿಕ್ಕಂದಿನಿಂದ ನಿನ್ನ ಕಿವಿಗೆ ಬಿದ್ದಿದೆಯಲ್ಲ, ಅದಕ್ಕೆ.

ನಮ್ಮ ಸೀಮೆಯವರಿಗೆ ಒಂದು ತೊಡಕಿದೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂದು ಬೆಳೆದವರು ಇಲ್ಲಿ ಎಷ್ಟೋ ಜನ. ಸ್ನಾನ ಮಾಡು ಅಂದರೆ ಸ್ನಾನಂ ಚೆಯ್ಯಿ, ತಪ್ಪು ಮಾಡು ಅಂದರೆ ತಪ್ಪು ಚೆಯ್ಯಿ, ಬಾಗಿಲು ಹಾಕು ಅಂದರೆ ತಲುಪು ವೆಯ್ಯಿ. ಎರಡೂ ಅಕ್ಕಪಕ್ಕ ನಡೆಯುತ್ತವೆ. ಮೂರನೆಯ ಭಾಷೆಯೂ ಹೀಗೇ ಇರುತ್ತದೆಂದು ನಂಬಿ ಇಂಗ್ಲಿಷಿಗೆ ಕೈ ಹಾಕುತ್ತೇವೆ. ಅಲ್ಲಿ ನಮ್ಮ ಒಂದು 'ಮಾಡು' ಹಲವು ಪಾಲಾಗಿದೆ: ಹೋಂವರ್ಕಿಗೆ 'ಡೂ', ತಪ್ಪಿಗೆ 'ಮೇಕ್', ಸ್ನಾನಕ್ಕೆ 'ಟೇಕ್' ಇಲ್ಲವೇ 'ಹ್ಯಾವ್', ಅಪರಾಧಕ್ಕೆ 'ಕಮಿಟ್'. ಗಮನವನ್ನು ನಾವು ಕೊಡುತ್ತೇವೆ, ಅವರು 'ಪೇ' ಅನ್ನುತ್ತಾರೆ. ಬಹುಪಾಲಿಗೆ ನಿಯಮವಿಲ್ಲ, ಬಳಕೆಯೇ ನಿಯಮ.

ಇದನ್ನು ಕೇಳಿ ಎದೆಗುಂದಬೇಡ. ಸೀರೆ ಉಡುತ್ತಾರೆ, ಬಳೆ ತೊಡುತ್ತಾರೆ, ಹೂ ಮುಡಿಯುತ್ತಾರೆ, ಚಪ್ಪಲಿ ಮೆಟ್ಟುತ್ತಾರೆ. ಇಂಗ್ಲಿಷಿನವರು ಇವಕ್ಕೆಲ್ಲ 'ವೇರ್' ಒಂದರಲ್ಲೇ ಮುಗಿಸುತ್ತಾರೆ. ಕನ್ನಡ ಕಲಿಯಲು ಬಂದವರಿಗೆ ಎಷ್ಟು ಕಷ್ಟವಿರಬೇಕು! ನಿನಗೆ ಯಾರೂ ಪಾಠ ಮಾಡಲಿಲ್ಲ. ಹೂವಿನ ಜೊತೆಗೇ ಮುಡಿಯುವುದೂ ಬಂತು.

ಈ ಕಷ್ಟವನ್ನು ಬಲ್ಲವರು ದೊಡ್ಡ ಕೆಲಸ ಮಾಡಿದ್ದಾರೆ. ಟೋಕಿಯೋದಲ್ಲಿ ಇಂಗ್ಲಿಷ್ ಬೋಧನೆಯ ಸಂಶೋಧನೆಯಲ್ಲಿದ್ದ ಹೆರಾಲ್ಡ್ ಪಾಮರ್ 1933ರಲ್ಲಿ ಇಂಥ ಪದಜೋಡಿಗಳನ್ನು ಕಲೆಹಾಕಿ ವರದಿಯಾಗಿ ಪ್ರಕಟಿಸಿದರು. ಅವರೊಂದಿಗೆ ದುಡಿದ ಎ.ಎಸ್. ಹಾರ್ನ್‌ಬಿ ತಮ್ಮ ಸಂಗಡಿಗರೊಂದಿಗೆ, ಇಂಗ್ಲಿಷನ್ನು ಹೊರಗಿನಿಂದ ಕಲಿಯುವವರಿಗೆಂದೇ ಮಾಡಿದ ನಿಘಂಟು 1942ರಲ್ಲಿ ಜಪಾನಿನಲ್ಲಿ ಅಚ್ಚಾಯಿತು. ಆಕ್ಸ್‌ಫರ್ಡ್‌ನವರು ಅದನ್ನು 1948ರಲ್ಲಿ ತಂದರು. ಈಗ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ ಅನ್ನುವುದು ಅದೇ ವಂಶದ್ದು. 2002ರಲ್ಲಿ ಜೋಡಿಗಳಿಗಾಗಿಯೇ ಆಕ್ಸ್‌ಫರ್ಡ್ ಕಾಲೊಕೇಶನ್ಸ್ ಡಿಕ್ಷನರಿ ಬಂತು. ಸಿಕ್ಕರೆ ಅದನ್ನು ನೋಡು.

ನೋಡುವ ಬಗೆಯೂ ಮುಖ್ಯ. ಕ್ರಿಯಾಪದದಿಂದ ಶುರುಮಾಡಿದರೆ ದಾರಿ ತಪ್ಪುತ್ತದೆ, 'ಟೇಕ್' ಒಂದಕ್ಕೇ ಪುಟಗಟ್ಟಲೆ ಅರ್ಥಗಳಿವೆ. ನೀನು ಹೇಳಬೇಕಾದ ವಸ್ತು ಯಾವುದು? 'ಡಿಸಿಷನ್' ಅಂದುಕೋ. ಆ ನಾಮಪದದ ಕೆಳಗೆ ನೋಡಿದರೆ 'ಮೇಕ್', 'ಟೇಕ್', 'ರೀಚ್' ಎಲ್ಲ ಸಿಗುತ್ತವೆ. ನೋಟುಬುಕ್ಕಿನಲ್ಲಿ 'ಮಿಸ್ಟೇಕ್ ಅಂದರೆ ತಪ್ಪು' ಎಂದು ಬರೆಯುವುದನ್ನು ಬಿಡು. 'ಮೇಕ್ ಎ ಮಿಸ್ಟೇಕ್' ಎಂದು ಇಡಿಯಾಗಿ ಬರೆ, ಕೆಳಗೆ ನಿನ್ನದೇ ಒಂದು ವಾಕ್ಯ ಬರೆ, ಬಾಯಿಬಿಟ್ಟು ಓದು.

ಒಂದು ಮಾತು ಉಳಿಯಿತು. ನಾವು ಪರೀಕ್ಷೆ ಬರೆಯುತ್ತೇವೆ, ಹಾಗಾಗಿ ಇಲ್ಲೆಲ್ಲ 'ರೈಟ್ ದಿ ಎಕ್ಸಾಮ್' ನಡೆಯುತ್ತದೆ. ಬ್ರಿಟನ್, ಅಮೆರಿಕದವರು ಹೆಚ್ಚಾಗಿ 'ಟೇಕ್' ಅನ್ನುತ್ತಾರೆ. ನಮ್ಮದನ್ನು ಯಾರಾದರೂ ಹಂಗಿಸಿದರೆ ಕುಗ್ಗಬೇಡ. ಎರಡನ್ನೂ ಬಲ್ಲವಳಾಗು, ಬೆಂಗಳೂರಿನ ಸಂದರ್ಶನಕ್ಕೆ ಯಾವುದು, ಹೊರದೇಶದ ಅರ್ಜಿಗೆ ಯಾವುದು ಎಂದು ನೀನೇ ಆರಿಸು.