ಹತ್ತರ ಡ್ರಿಲ್ಲು, ಒಂಬತ್ತು ಚಿಲ್ಲರೆ ತೂತು

ಕಬ್ಬಿಣಕ್ಕೆ ಹತ್ತು ಮಿಲಿಮೀಟರಿನ ಡ್ರಿಲ್ ಹಾಕಿದರೆ ತೂತು ಹತ್ತಕ್ಕಿಂತ ಕೂದಲೆಳೆಯಷ್ಟು ದೊಡ್ಡದೇ ಬರುತ್ತದೆ. ಡ್ರಿಲ್ಲಿನ ಮೂತಿ ತುಸು ಓಲಾಡುತ್ತದೆ, ಸಾಣೆ ಎರಡೂ ಕಡೆ ಸರಿಸಮ ಇರುವುದಿಲ್ಲ. ಅದೇ ಡ್ರಿಲ್ಲನ್ನು ನೈಲಾನಿಗೆ ಹಾಕಿ, ಹತ್ತರ ಪಿನ್ನು ಬಾಯಲ್ಲೇ ನಿಂತುಬಿಡುತ್ತದೆ. ಐಟಿಐ ಮುಗಿಸಿ ಪೀಣ್ಯದ ನಮ್ಮ ಶೆಡ್ಡಿಗೆ ಬರುವ ಹುಡುಗರು ಇದನ್ನು ಸುಲಭಕ್ಕೆ ನಂಬುವುದಿಲ್ಲ. ಡ್ರಿಲ್ಲನ್ನು ಮೈಕ್ರೋಮೀಟರಿನಲ್ಲಿ ಹಿಡಿದು ನೋಡುತ್ತಾರೆ. ಅದು ಸರಿಯಾಗೇ ಇರುತ್ತದೆ.

ಪ್ಲಾಸ್ಟಿಕ್ ಅರ್ಧ ಕತ್ತರಿಸಿಕೊಳ್ಳುತ್ತದೆ, ಅರ್ಧ ಪಕ್ಕಕ್ಕೆ ಸರಿದು ನಿಲ್ಲುತ್ತದೆ. ಡ್ರಿಲ್ಲಿನ ಅಂಚು ದಾಟಿದ ಮೇಲೆ ಆ ಸರಿದದ್ದು ತನ್ನ ಜಾಗಕ್ಕೆ ವಾಪಸ್ ಬರುತ್ತದೆ. ಇದರ ಜೊತೆಗೆ ಕಾವು. ಉಕ್ಕಿನಲ್ಲಿ ಹುಟ್ಟಿದ ಬಿಸಿ ಚಿಪ್ಸಿನೊಂದಿಗೆ ಹೊರಟುಹೋಗುತ್ತದೆ, ಉಳಿದದ್ದು ಇಡೀ ಜಾಬಿಗೆ ಹರಡಿಕೊಳ್ಳುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಅದು ಬೇಗ ಜಾಗ ಬಿಡುವುದಿಲ್ಲ. ಒಂದೇ ಕಾವಿಗೆ ಅಕ್ರಿಲಿಕ್ ಉಕ್ಕಿಗಿಂತ ಐದಾರು ಪಟ್ಟು ಹಿಗ್ಗುತ್ತದೆ, ನೈಲಾನ್ ಇನ್ನೂ ಸ್ವಲ್ಪ ಹೆಚ್ಚು. ಸಾಲಾಗಿ ತೂತು ಹೊಡೆದು ಬಿಸಿಯಾದ ಜಾಬಿನಲ್ಲಿ ಹತ್ತು ಕೊರೆದರೆ ಆರಿದ ಮೇಲೆ ಸಿಗುವುದು ಒಂಬತ್ತು ಚಿಲ್ಲರೆ.

ಸ್ಕ್ರೂ ದಾಟಿಸುವ ತೂತಾದರೆ ಇಷ್ಟೆಲ್ಲ ತಲೆಕೆಡಿಸಿಕೊಳ್ಳಬೇಕಿಲ್ಲ. 0.1 ಮಿ.ಮೀ. ಅಂತರದ ಡ್ರಿಲ್ ಸೆಟ್ಟಿನಲ್ಲಿ ಒಂದು ಸೈಜ್ ಮೇಲಿನದು ಹಾಕಿದರೆ ಮುಗಿಯಿತು. ಕೇಬಲ್ ಗ್ಲ್ಯಾಂಡಿಗೆ ಡಬ್ಬದಲ್ಲಿ ತೂತು ಬೇಕೆಂದರೆ ಸ್ಟೆಪ್ ಡ್ರಿಲ್ ಸಾಕು. ಶಾಫ್ಟ್ ತಿರುಗುವ ತೂತಿನ ಕಥೆಯೇ ಬೇರೆ. ಅದಕ್ಕೆ ಮೊದಲು 9.5 ಹಾಕುತ್ತೇವೆ. ಅದೂ ಒಂದೇ ಏಟಿಗಲ್ಲ, ಇಳಿಸಿ ಎತ್ತಿ, ಚಿಪ್ಸ್ ತೆಗೆದು, ಗಾಳಿ ಹೊಡೆದು ಮತ್ತೆ ಇಳಿಸುವುದು. ಆಮೇಲೆ ಜಾಬನ್ನು ಪಕ್ಕಕ್ಕಿಟ್ಟು ಊಟಕ್ಕೆ ಹೋಗುತ್ತೇವೆ. ರೀಮರ್ ಏನಿದ್ದರೂ ಊಟದ ನಂತರ. ಪ್ಲಾಸ್ಟಿಕ್ಕಿಗೆಂದೇ ಬೇರೆ ರೀಮರ್ ಇಟ್ಟಿದ್ದೇವೆ, ಉಕ್ಕಿನಲ್ಲಿ ಸವೆದದ್ದು ನೈಲಾನನ್ನು ಕೊಯ್ಯುವುದಿಲ್ಲ, ಬರೀ ಉಜ್ಜುತ್ತದೆ.

ಅಕ್ರಿಲಿಕ್ಕಿನ ತೊಂದರೆ ಬೇರೆ ಥರದ್ದು. ಅಂಗಡಿಯಲ್ಲಿ ಸಿಗುವ ಡ್ರಿಲ್ಲಿನ ಮೂತಿ 118 ಡಿಗ್ರಿ, ಅದರ ಅಂಚಿಗೆ ಕೊಕ್ಕೆಯಂಥ ಒಂದು ವಾಲು ಇರುತ್ತದೆ. ಹಾಳೆಯ ಆಚೆ ಬದಿ ಮುಟ್ಟುವ ಹೊತ್ತಿಗೆ ಅದು ಕಚ್ಚಿಕೊಂಡು ತಾನೇ ಮುಂದಕ್ಕೆ ನುಗ್ಗುತ್ತದೆ. ತೂತಿನ ಬಾಯಲ್ಲಿ ಒಂದು ಚಕ್ಕೆ ಹಾರಿತೆಂದರೆ ಇಡೀ ಹಾಳೆ ಗುಜರಿಗೆ. ನಮ್ಮಲ್ಲಿದ್ದ ಹಿರಿಯ ಟರ್ನರ್ ಒಬ್ಬರು ಇದಕ್ಕೆ ಮಾಡುತ್ತಿದ್ದುದು ಸಣ್ಣ ಕೆಲಸ. ಎಣ್ಣೆಕಲ್ಲನ್ನು ಡ್ರಿಲ್ಲಿನ ಉದ್ದಕ್ಕೆ ನೆಟ್ಟಗೆ ಹಿಡಿದು, ಕೊಯ್ಯುವ ಅಂಚಿನ ಮುಖದ ಮೇಲೆ ಮೆಲ್ಲಗೆ ನಾಲ್ಕಾರು ಸಲ ಉಜ್ಜುವರು. ಬೆಳಕಿಗೆ ಹಿಡಿದರೆ ಅಂಚಿನಗುಂಟ ದಾರದಷ್ಟು ಅಗಲದ ಒಂದು ಹೊಳೆಯುವ ಪಟ್ಟಿ ಕಾಣಬೇಕು, ಎರಡೂ ಅಂಚಿನಲ್ಲಿ ಒಂದೇ ಸಮ. "ಮೊಂಡ ಮಾಡ್ತಿದೀರಲ್ಲ ಸಾರ್" ಎಂದ ಹುಡುಗನಿಗೆ, "ಮೊಂಡ ಅಲ್ಲ ಮರಿ, ಅದರ ಸಿಟ್ಟು ಇಳಿಸ್ತಿದೀನಿ" ಅಂದರು. ಆಮೇಲೆ ಡ್ರಿಲ್ ಎಳೆಯುವುದಿಲ್ಲ, ಕೈ ಒತ್ತಿದಷ್ಟೇ ಇಳಿಯುತ್ತದೆ. ಹಿತ್ತಾಳೆಗೂ ಹೀಗೇ ಮಾಡುವ ರೂಢಿಯಿದೆ, ಹಾಗಾಗಿ ಹಿತ್ತಾಳೆಯ ಡ್ರಿಲ್ಲುಗಳನ್ನೇ ಅಕ್ರಿಲಿಕ್ಕಿಗೂ ಎತ್ತಿಡುತ್ತೇವೆ. ಹಾಳೆಯ ಕೆಳಗೆ ಪ್ಲೈವುಡ್ ತುಂಡು ಕೊಟ್ಟು ಬಿಗಿಯುವುದಂತೂ ಇದ್ದೇ ಇದೆ.

ಹಾಳೆ ಕೊಳ್ಳುವಾಗ ಎರಕದ್ದೇ, ಅಂದರೆ ಕಾಸ್ಟ್ ಶೀಟೇ, ಕೇಳಿ ತನ್ನಿ. ಎಕ್ಸ್‌ಟ್ರೂಡೆಡ್ ಹಾಳೆ ಅಗ್ಗ, ನಿಜ. ಆದರೆ ಬೇಗ ಮೆತ್ತಗಾಗಿ ಡ್ರಿಲ್ಲಿಗೆ ಸುತ್ತಿಕೊಳ್ಳುತ್ತದೆ.

ತಂಪಿಗೆ ಗಾಳಿ, ಇಲ್ಲವೇ ಸಾಬೂನು ನೀರು. ಕಟಿಂಗ್ ಆಯಿಲ್ ಡಬ್ಬವನ್ನು ಪಾಲಿಕಾರ್ಬೊನೇಟ್ ಇರುವ ಟೇಬಲ್ಲಿನ ಹತ್ತಿರಕ್ಕೂ ಬಿಡುವುದಿಲ್ಲ. ಕೆಲವು ಎಣ್ಣೆ, ಥಿನ್ನರ್ ತಾಗಿದರೆ ಅಂದು ಏನೂ ಕಾಣುವುದಿಲ್ಲ, ದಿನ ಕಳೆದ ಮೇಲೆ ತೂತಿನ ಸುತ್ತ ಕೂದಲಿನಂಥ ಬಿರುಕು ಏಳುತ್ತದೆ. ನಾವು ಮಾಡಿಕೊಟ್ಟ ಮೆಷಿನ್ ಗಾರ್ಡ್ ಒಂದು ಹಾಗೆ ಬಿರಿದು ವಾಪಸ್ ಬಂತು. ವಿಚಾರಿಸಿದರೆ ಗಿರಾಕಿಯ ಕಡೆಯವರು ಪಳಪಳ ಹೊಳೆಯಲಿ ಅಂತ ಥಿನ್ನರಿನಲ್ಲಿ ಒರೆಸಿದ್ದರು!

ಅಳತೆಯಲ್ಲೂ ಜಗಳವಿದೆ. ವರ್ನಿಯರಿನ ಒಳದವಡೆಗೆ ಚಪ್ಪಟೆ ಅಂಚಿರುವುದರಿಂದ ಸಣ್ಣ ತೂತನ್ನು ಇನ್ನೂ ಸಣ್ಣದಾಗಿ ತೋರಿಸುತ್ತದೆ. ಪ್ಲಗ್ ಗೇಜ್ ವಾಸಿ. ಆದರೆ ನೈಲಾನ್ ಒತ್ತಿದರೆ ಜಾಗ ಕೊಡುವ ವಸ್ತು, ತೋಳಲ್ಲಿ ಬಲ ಇರುವವನ ಕೈಲಿ ಎಲ್ಲ ಜಾಬೂ ಪಾಸ್. ಗೇಜ್ ತನ್ನ ಭಾರಕ್ಕೆ ತಾನೇ ಇಳಿಯಬೇಕು ಅನ್ನುವುದು ನಮ್ಮ ಶೆಡ್ಡಿನ ಕಾನೂನು.

ನೈಲಾನಿಗೆ ಇನ್ನೊಂದು ಚಾಳಿ, ನೀರು ಕುಡಿಯುವುದು. ನೈಲಾನ್ 6 ಮಾಮೂಲಿ ಹವೆಯಲ್ಲೇ ತನ್ನ ತೂಕದ ಶೇಕಡಾ ಎರಡು ಮೂರರಷ್ಟು ತೇವ ಎಳೆದುಕೊಳ್ಳುತ್ತದೆ, ನೀರಲ್ಲೇ ಮುಳುಗಿಸಿಟ್ಟರೆ ಒಂಬತ್ತರ ತನಕ ಹೋಗುತ್ತದೆ. ಕಬ್ಬಿಣದ ಮನೆಯೊಳಗೆ ಒತ್ತಿ ಕೂರಿಸಿದ ಬುಷ್ಷಿಗೆ ಹೊರಕ್ಕೆ ಉಬ್ಬಲು ಜಾಗವಿಲ್ಲ, ಉಬ್ಬುವುದೆಲ್ಲ ಒಳಕ್ಕೆ. ಬೇಸಿಗೆಯಲ್ಲಿ ಸಲೀಸಾಗಿ ತಿರುಗುತ್ತಿದ್ದ ಶಾಫ್ಟ್ ಮಳೆಗಾಲದಲ್ಲಿ ಬಿಗಿಯುವುದು ಇದಕ್ಕೇ. ಅಂಥ ಕಡೆ ನಾನು ಡೆಲ್ರಿನ್ ಹಾಕಿ ಅನ್ನುತ್ತೇನೆ. ತೇವ ತೀರಾ ಕಮ್ಮಿ ಹಿಡಿಯುತ್ತದೆ, ಕೊರೆಯಲೂ ಅದರಷ್ಟು ಸಾಧುವಾದ ಪ್ಲಾಸ್ಟಿಕ್ ಇನ್ನೊಂದು ನನ್ನ ಕೈಗೆ ಸಿಕ್ಕಿಲ್ಲ. ನೈಲಾನೇ ಆಗಬೇಕೆಂದರೆ ಬುಷ್ಷನ್ನು ಮೊದಲು ಒತ್ತಿ ಕೂರಿಸಿ, ಆಮೇಲೆ ರೀಮರ್ ಹಾಕುವುದು. ಒತ್ತುವಾಗಲೇ ತೂತು ಕಿರಿದಾಗಿರುತ್ತದಲ್ಲ.

ಇಷ್ಟಾದರೂ ನೈಲಾನ್ ಬುಷ್ಷಿನ ಡ್ರಾಯಿಂಗಿನಲ್ಲಿ ಹತ್ತರ ತೂತಿಗೆ ಎಚ್7 ಬರೆದು ಕಳಿಸುವ ಡಿಸೈನ್ ಎಂಜಿನಿಯರುಗಳು ಇದ್ದಾರೆ. ಎಚ್7 ಅಂದರೆ ಹತ್ತರಿಂದ 10.015ರ ಒಳಗೆ, ಬರೀ ಹದಿನೈದು ಮೈಕ್ರಾನಿನ ಆಟ. ಅಳತೆಗಳೆಲ್ಲ 20 ಡಿಗ್ರಿ ಕಾವಿಗೆ ಅನ್ನುವುದು ಅಂತರರಾಷ್ಟ್ರೀಯ ಕಟ್ಟಳೆ. ಏಪ್ರಿಲ್ ಮಧ್ಯಾಹ್ನ ನಮ್ಮ ತಗಡಿನ ಶೆಡ್ಡು 35 ಮುಟ್ಟಿರುತ್ತದೆ. ಆ ಹದಿನೈದು ಡಿಗ್ರಿಗೇ ಹತ್ತರ ನೈಲಾನ್ ತೂತು ಹನ್ನೆರಡು ಮೈಕ್ರಾನಿನ ಹತ್ತಿರ ಆಚೀಚೆ ಆಗುತ್ತದೆ. ಹಾಗಾಗಿ ಈಗ ಆರ್ಡರ್ ಒಪ್ಪಿಕೊಳ್ಳುವ ಮೊದಲೇ ಫೋನ್ ಮಾಡಿ, ಒಳಗೆ ತಿರುಗುವ ಶಾಫ್ಟ್ ಎಷ್ಟರದ್ದು, ಅದು ಎಲ್ಲಿ ಓಡುತ್ತದೆ, ಅಲ್ಲಿ ನೀರಿದೆಯೇ ಎಂದು ಕೇಳುತ್ತೇನೆ. ಹತ್ತರಲ್ಲಿ ಎಂಟು ಸಲ ಅವರಿಗೆ ಬೇಕಿರುವುದು ಹತ್ತೂ ಕಾಲಿನ ತೂತು.